ಬೈತಖೋಲದ ಐಸ್ ಲೆಕ್ಕ

ಇಸ್ವಾಣದ ಹೊಟ್ಟೆ ಸೀಳಿದಾಗ ಒಮ್ಮೊಮ್ಮೆ
ಇಡೀ ತಾರ್ಲೆ ಸಿಗುತ್ತದಲ್ಲ, ಕಣ್ಣು ಕೂಡ ಮಾಸದೆ,
ಹಾಗೆ ನಮ್ಮ ಆಫೀಸಿನ ಹೊಸ ಕಂಪ್ಯೂಟರಿನೊಳಗೆ
ಹಳೆಯದೊಂದು ಇದೆ.
ಅದರೊಳಗೆ ಪುಂಡಲೀಕ ಮಾಸ್ತರರು ಬರೆದ ಐಸಿನ ಲೆಕ್ಕ:
ಕರಿ ಪರದೆ, ಹಸಿರು ಅಕ್ಷರ,
ಬೋಟಿನ ಹೆಸರಿಗೆ ಇಂಗ್ಲಿಷಿನ ಹನ್ನೊಂದೇ ಮನೆ.
ಸಮುದ್ರ ಲಕ್ಷ್ಮಿ ರಸೀದಿಯಲ್ಲಿ ಸಮುದ್ರ ಲಕ್ ಆದಳು.
ಆ ವರ್ಷ ಮೀನು ಚೆನ್ನಾಗಿ ಬಿತ್ತು,
ತಾಂಡೇಲ ಬೋಟಿನ ಮೂತಿಗೂ ಹಾಗೇ ಬರೆಸಿದ.

ಇವೆರಡನ್ನೂ ಒಂದರೊಳಗೊಂದು ಕೂರಿಸಿಟ್ಟ ಸಾಫ್ಟ್‌ವೇರು
ಮೇ ಕೊನೆಗೆ ಪರದೆಯ ಮೂಲೆಯಲ್ಲೊಂದು ಚೀಟಿ ತೋರಿಸಿತು:
ನಿಮ್ಮದು ಹಳತಾಯಿತು,
ಹೊಸದಕ್ಕೆ ಏಳು ಸಾವಿರದ ಎಂಟುನೂರು, ತೆರಿಗೆ ಬೇರೆ.
ಕೊಡುವುದೇನು? ಎಂಟು ಪರದೆ, ಮೂರು ಆಯಾಮದ ಚಿತ್ರ,
ಕತ್ತಲೆ ಬಣ್ಣದ ಮೆನು.
ನನಗಿರುವುದು ಒಂದು ಪರದೆ.
ಕತ್ತಲೆಗೆ ಕರೆಂಟಿನವರಿದ್ದಾರೆ.

ಗುರುದಾಸ ಶೇಟ್ರು ಕೇಳಿದ್ದು ಇಷ್ಟೇ,
"ಎಷ್ಟು ಬ್ಲಾಕ್ ಆಯ್ತು ಅದು?"
ಬ್ಲಾಕಿಗೆ ನೂರ ಮೂವತ್ತರಂತೆ, ಅರವತ್ತು.
ಅರವತ್ತು ಬ್ಲಾಕ್ ಕಡಲಿಗೆಸೆದ ಹಾಗೆ, ಅಂದರು,
ಎಸೆದರೆ ಕಡಲಾದರೂ ತಂಪಾದೀತು ಎನ್ನುವ ಮುಖದಲ್ಲಿ.

ಕಾಜುಬಾಗದ ಅಂಗಡಿಯಿಂದ ರಾಯನ್ ಬಂದು ನೋಡಿದ.
ಬಿಟ್ಟಿಯದೂ ಒಂದಿದೆ ಬಾಯಿ, ಅಂದ. ಹಾಕಿದ.
ಒಳಗಿನ ಕಂಪ್ಯೂಟರ್ ಎದ್ದಿತು, ನಮ್ಮ ಮುದಿ ಪ್ರಿಂಟರು ಮಾತ್ರ
ಎಷ್ಟು ಕೂಗಿದರೂ ಓಗೊಡಲಿಲ್ಲ.
ಹಾಗಾದರೆ ದುಡ್ಡಿನದೇ, ಮೂವತ್ತು ದಿನ ಪುಕ್ಕಟೆ ಬಳಸಿ ನೋಡಿ,
ಎಂದು ಗುಂಡಿ ಒತ್ತಿ ಬೈಕ್ ಹತ್ತಿದ.
ಒತ್ತಿದ್ದು ಜೂನ್ ಎರಡಕ್ಕೆ.
ಟ್ರಾಲರುಗಳಿಗೆ ಬಂದಿ ಶುರುವಾಗಿ ಒಂದು ದಿನ.

ಮೂವತ್ತು ದಿನವೂ ಅದು ಒಮ್ಮೆಯೂ ನಿಲ್ಲಲಿಲ್ಲ.
ನಿಲ್ಲಬೇಕಾದರೆ ಮೊದಲು ಓಡಬೇಕಲ್ಲ.
ಧಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಮೈ ಉಜ್ಜುತ್ತಿದ್ದವು.
ಒಂದೂ ರಸೀದಿ ಹರಿಯದೆ ನಾನು
ಇಪ್ಪತ್ತೆರಡು ದಿನ ಬಾಕಿ, ಒಂಬತ್ತು ದಿನ ಬಾಕಿ
ಎಂದು ಓದುತ್ತ ಕೂತೆ.
ಮೂವತ್ತೊಂದನೆಯ ದಿನ ಅದು ಕೈ ಚಾಚಿತು.
ಹಳತಕ್ಕೇ ಮರಳಿದೆ.

ಆಗಸ್ಟ್ ಒಂದು. ನಸುಕಿಗೇ ಗಾಡಿಗಳ ಸಾಲು.
ಆರೂ ಕಾಲಿಗೆ ಲೆಕ್ಕ ಹೆಪ್ಪುಗಟ್ಟಿತು.
ಅಮೋನಿಯಾ ಇಲ್ಲದೆ ಈ ಫ್ಯಾಕ್ಟರಿಯಲ್ಲಿ
ಹೆಪ್ಪುಗಟ್ಟುವುದು ಅದೊಂದೇ.
ಜಾರುಹಲಗೆಯ ಮೇಲೆ ಬ್ಲಾಕುಗಳು ಬೆವರುತ್ತ ನಿಂತವು.
ಕೆಳಗೆ ಬಕೆಟ್ ಇಟ್ಟೆ, ಶೇಟ್ರಿಗೆ ಅಂಕಿ ಬೇಕು.
ಎಲ್ಲ ಆರಿಸಿ ಮತ್ತೆ ಎಬ್ಬಿಸಲು ಹದಿನೊಂದು ನಿಮಿಷ.
ಬಕೆಟ್ಟಿನಲ್ಲಿ ಕಾಲು ಭಾಗ ನೀರು.
ದಿನಕ್ಕೆರಡು ಸಲ, ಸೀಸನ್ನಿಗೆ ಮುನ್ನೂರು ದಿನ,
ಎಷ್ಟು ಎಳೆದು ಗುಣಿಸಿದರೂ ಅರವತ್ತು ಮುಟ್ಟಲಿಲ್ಲ.

ಆದರೆ ಆ ಹದಿನೊಂದು ನಿಮಿಷ
ಕಿಟಕಿಗೆ ತಲೆ ತೂರಿಸಿ ಕನ್ನಡ, ಕೊಂಕಣಿ, ಮಲಯಾಳದಲ್ಲಿ
ನನ್ನ ಏಳು ತಲೆಮಾರು ಎಣಿಸಿದರಲ್ಲ,
ಅದನ್ನು ಯಾವ ಬಕೆಟ್ಟಿನಲ್ಲಿ ಹಿಡಿಯಲಿ?
"ಬೈಗುಳ ಬಿಟ್ಟಿ, ಬಾಯಿ," ಶೇಟ್ರು ನಕ್ಕರು.
ಬೈಯುವವರಿಗೆ, ಅಂದೆ.

ಕೋಡಿಬಾಗಕ್ಕೆ, ಮಾಸ್ತರರಿಗೆ ಫೋನು ಮಾಡಿದೆ.
"ಅದು ಇನ್ನೂ ಓಡ್ತದಾ?" ಅವರೇ ಗಾಬರಿಯಾದರು.
"ಮೂರು ವರ್ಷ ಬಾಳಿದರೆ ಸಾಕು ಅಂತ ಬರೆದದ್ದು ಮಾರಾಯ್ತಿ."
ಹಿಂದೆ ಕೇರಂ ಕಾಯಿ ಟಕ್ಕೆಂದಿತು.
ಗೆದ್ದವರ್ಯಾರೋ, ಫೋನು ಇಟ್ಟರು.

ನಾಲ್ಕನೆಯ ದಿನ ಶೇಟ್ರ ಎದುರಿಗೇ ನಿಂತುಹೋಯಿತು,
ಅವರ ಸ್ವಂತ ಬೋಟಿನ ರಸೀದಿಯ ನಟ್ಟನಡುವೆ.
"ಹಾಳಾಗಲಿ, ತಗೋ. ಪುಸ್ತಕದಲ್ಲಿ ಏನಂತ ಬರೀತಿ?"
ಕರಗಿದ್ದು, ಅರವತ್ತು ಬ್ಲಾಕ್.

ಕೊಳ್ಳುವಾಗ ಅದು ಕೇಳಿತು: ಎಷ್ಟು ಕಂಪ್ಯೂಟರಿಗೆ?
ಹೊಟ್ಟೆಯ ತಾರ್ಲೆಗೆ ಬೇರೆ ದರ ಹಾಕಿದ್ದನ್ನು
ಈ ಬಂದರಿನಲ್ಲಿ ಯಾರೂ ಕಂಡಿಲ್ಲ.
ಒಂದು, ಎಂದು ಒತ್ತಿದೆ.

ವರ್ಷ ಬಿಟ್ಟು ಮತ್ತೆ ಕೇಳುತ್ತದಂತೆ.
ರಾಯನ್ ಹೇಳಿದ, ಹೆಚ್ಚಾಗಿ ಜೂನಿನಲ್ಲೇ.