ಹೆಕ್ಟೇರಿಗೆ

ಬೀಜಕ್ಕೆ ಅರವತ್ತೆಂಟು ಪೌಂಡು.
ಗೊಬ್ಬರದ ಮುಂದೆ ಹೆಡ್ಲಿ ಪೆನ್ಸಿಲ್ ಎತ್ತಿದ, ಬರೆಯಲಿಲ್ಲ.
ಟೀ ಆರಿತು.

ಔಷಧಿ, ಡೀಸೆಲ್, ಕಾಳು ಒಣಗಿಸುವ ಗ್ಯಾಸು.
ಜಿಗಿಯುವ ಜೀರುಂಡೆಗೆ ಮಾತ್ರ ಕಾಲಮ್ಮಿಲ್ಲ:
ಎಳ್ಳಿಗಿಂತ ತುಸು ದೊಡ್ಡದು,
ಸೆಪ್ಟೆಂಬರಿನ ಎರಡೆಲೆ ಪೈರನ್ನು
ಮೂರು ರಾತ್ರಿಯಲ್ಲಿ ಜರಡಿ ಮಾಡುತ್ತದೆ.

"ಮೂರೂವರೆ ಟನ್ ಅಂತ ಹಾಕು, ಮಿರಿಯಮ್."
ಮೂರು ಅಂತ ಹಾಕಿದೆ.
ಗೆರೆ ಎಳೆದು ಕಳೆದರೆ ಉಳಿದದ್ದು
ಕಂಬೈನಿನ ಬೆಲ್ಟಿಗೆ ಸಾಕು, ಬೇರಿಂಗಿಗೆ ಸಾಲದು.
"ಹಾಗಾದರೆ ಬಾರ್ಲಿಯೇ ಹಾಕೋಣ," ಅಂದೆ.

ಅವನು ಮಾತಾಡದೆ ಎದ್ದು ಕಪಾಟು ತೆಗೆದ.
ಹೋದ ಮೇ ತಿಂಗಳು
ಲಿಂಕನ್‌ಶೈರಿನ ಈ ದಿಬ್ಬವೆಲ್ಲ ಹಳದಿಯಾಗಿ ಕಣ್ಣು ಕುಕ್ಕುತ್ತಿದ್ದಾಗ
ಜೇನುಪೆಟ್ಟಿಗೆ ಇಟ್ಟ ಎನಿಡ್ ಪ್ಲಾಸ್ಕಿಟ್
ಬಾಡಿಗೆಯೆಂದು ಕೊಟ್ಟಿದ್ದ ಬಾಟಲಿ.
ರೇಪ್‌ಸೀಡ್ ಜೇನು, ಬೆಳ್ಳಗೆ ಹೆಪ್ಪುಗಟ್ಟಿದೆ.

ಚಮಚ ಬಗ್ಗಿತು, ಜೇನು ಬರಲಿಲ್ಲ.
ಇನ್ನೊಂದು ಚಮಚ ಹುಡುಕುತ್ತಾ ಅಂದ:
"ಮೂರೂಕಾಲು?"