ಹತ್ತನೇ ನಂಬರಿನ ಪಾನಾ

ಮೂರನೇ ಸಲವೂ ಬಿಲ್ಲಿನ ಕೆಳಗೆ ಅದೇ ಸಾಲು:
"ಗಿರಾಕಿ ಹೇಳಿದ ಸದ್ದು ಕೇಳಿಬಂದಿಲ್ಲ."
ಕೇಳಿಬರದ ಸದ್ದಿಗೆ
ನೂರಾ ಎಂಬತ್ತಾರು ಡಾಲರು.

ಥಂಡರ್ ಬೇಯ ಫೆಬ್ರವರಿ. ಸರೋವರ ಕಲ್ಲಾಗಿ
ಊರಿಗೆ ಬೆನ್ನು ಹಾಕಿ ಮಲಗಿದೆ.
ಶೋರೂಮಿನೊಳಗೆ ಮಾತ್ರ ಬೇಸಿಗೆ.
ಹೊಸ ಕಾರುಗಳು ಕೆಂಪು ರಿಬ್ಬನ್ ಕಟ್ಟಿಕೊಂಡು
ಮದುಮಕ್ಕಳ ಹಾಗೆ ಕೂತಿವೆ,
ಪುಕ್ಕಟೆ ಕಾಫಿಯ ಯಂತ್ರ ಗೊರಗೊರ ಕೆಮ್ಮುತ್ತದೆ.

ಐಲಾ ಕೊಸ್ಕೆಲಾ ಕಾಫಿ ಮುಟ್ಟಲಿಲ್ಲ.
"ಇಪ್ಪತ್ತೆರಡು ವರ್ಷ ಸ್ಕೂಲ್ ಬಸ್ಸು ಓಡಿಸಿದ್ದೇನಪ್ಪಾ.
ಬೆನ್ನ ಹಿಂದೆ ನಲವತ್ತು ಮಕ್ಕಳು ಕಿರುಚುವಾಗ
ಕೊನೇ ಸೀಟಿನಲ್ಲಿ ಯಾರೋ ಕದ್ದು
ಚಾಕಲೇಟಿನ ಕಾಗದ ಬಿಚ್ಚಿದ್ದೂ ನನಗೆ ಕೇಳುತ್ತದೆ.
ಇದು ಬಲಗಡೆ, ಡ್ಯಾಶ್‌ಬೋರ್ಡಿನ ಒಳಗೆ.
ಎಡಕ್ಕೆ ತಿರುಗಿದರೆ ಟಣ್, ನೇರವಾದರೆ ಟಕ್.
ನೀವು ನಿಂತ ಕಾರಿಗೆ ಕಿವಿ ಕೊಟ್ಟಿದ್ದೀರಿ.
ನಡೀರಿ, ಓಡುವ ಕಾರಿಗೆ ಕೊಡಿ."

ಮ್ಯಾನೇಜರ್ ಪ್ರೊಕೊಪ್ಚುಕ್ ಕೋಟು ಹುಡುಕಿಕೊಂಡು ಬಂದ,
ಪಕ್ಕದಲ್ಲಿ ಕೂತು ಬೆಲ್ಟು ಬಿಗಿದ.
ಮೊದಲ ಎರಡು ಬೀದಿ
ಕಾರು ಮೌನಗೌರಿ.
ಅವನು ಗಡಿಯಾರ ನೋಡಿದ. ಅವಳ ಕೆನ್ನೆ ಬಿಸಿಯಾಯಿತು.
ಧಾನ್ಯದ ಗೋದಾಮುಗಳ ಹತ್ತಿರ, ರೈಲು ಹಳಿ ದಾಟಿ
ಎಡಕ್ಕೆ ಹೊರಳಿದಾಗ
ಟಣ್.

ಇಬ್ಬರೂ ಮಾತಾಡಲಿಲ್ಲ.
"ಇನ್ನೊಂದು ಸಲ," ಅಂದ ಅವನು.
ಮೂರು ಸಲ ದಾಟಿದರು, ಸುಮ್ಮನೆ,
ಜೋಕಾಲಿಗೆ ಮನಸೋತ ಮಕ್ಕಳ ಹಾಗೆ.

ಗ್ಲೋವ್ ಬಾಕ್ಸು ಬಿಚ್ಚಿ ಮೊಣಕೈವರೆಗೆ ತೂರಿಸಿದ ಕೈಯನ್ನು
ಕೋಡಿ ವಬಾಸ್ ತುಂಬಾ ಹೊತ್ತು ಹೊರಗೆ ತೆಗೆಯಲಿಲ್ಲ.
ತೆಗೆದಾಗ ಅಂಗೈಯಲ್ಲಿ
ಹತ್ತನೇ ನಂಬರಿನ ಪಾನಾ,
ಹಿಡಿಗೆ ನೀಲಿ ಟೇಪು ಸುತ್ತಿದ್ದು.
ನವೆಂಬರಿನಲ್ಲಿ ಹೀಟರ್ ರಿಪೇರಿ ಮಾಡಿದವನು ಅವನೇ.

ಪ್ರೊಕೊಪ್ಚುಕ್ ಮೂರೂ ಬಿಲ್ಲು ಇಸಕೊಂಡ.
ದುಡ್ಡು ವಾಪಸು. ಕ್ಷಮೆ. ಒಂದು ಆಯಿಲ್ ಚೇಂಜು ಪುಕ್ಕಟೆ.
ಕೊನೆಯ ಬಿಲ್ಲಿನ ಸಾಲಿನ ಮೇಲೆ ಗೀಟೆಳೆದು
ತನ್ನ ಕೈಯಾರೆ ಬರೆದ: "ಕೇಳಿಬಂತು."
ಬೆಳಿಗ್ಗೆಯಿಂದ ಕನ್ನಡಿಯೆದುರು
ಐಲಾ ಮಸೆದಿಟ್ಟ ಜಗಳ
ಅರ್ಧಕ್ಕಿಂತ ಹೆಚ್ಚು ಬಾಯಲ್ಲೇ ಉಳಿಯಿತು.
ಅದನ್ನು ಏನು ಮಾಡುವುದೆಂದು ತಿಳಿಯದೆ
ಕಾಫಿ ಬಗ್ಗಿಸಿಕೊಂಡಳು. ಕಹಿ.

ಕೋಡಿ ಇನ್ನೂ ಅಲ್ಲೇ ನಿಂತಿದ್ದ.
"ಲೆನ್ ಕದ್ದ ಅಂದುಕೊಂಡಿದ್ದೆ," ಅಂದ,
ಯಾರಿಗೂ ಅಲ್ಲ.
ಮೂರು ತಿಂಗಳು ಒಂದೇ ಸೂರಿನಡಿ
ಬೆನ್ನಿಗೆ ಬೆನ್ನು, ಒಂದು ನಮಸ್ಕಾರವೂ ಇಲ್ಲದೆ.

ಆಮೇಲೆ ಪಾನಾ ಹಿಡಿದುಕೊಂಡೇ ಹೋದ,
ಆಚೆ ಕಾರಿನ ಅಡಿಯಿಂದ ಚಾಚಿದ್ದ
ಎರಡು ಬೂಟುಗಳ ಹತ್ತಿರ ಕುಕ್ಕರಗಾಲಲ್ಲಿ ಕೂತ.
ತುಟಿ ಅಲ್ಲಾಡಿತು.

ಗಾಜಿನ ಈಚೆ ನಿಂತ ಐಲಾಗೆ,
ಚಾಕಲೇಟಿನ ಕಾಗದ ಕೇಳುವ ಆ ಕಿವಿಗೆ,
ಒಂದಕ್ಷರ ಕೇಳಿಬರಲಿಲ್ಲ.
ಕಂಡದ್ದಿಷ್ಟು: ಲೆನ್ ಹೊರಗೆ ಜಾರಿ ಬಂದು ಕೂತ,
ಮಸಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳತೊಡಗಿದ,
ತುಂಬಾ ನಿಧಾನಕ್ಕೆ,
ಒಂದೊಂದೇ ಬೆರಳು.