ಮೂವತ್ತೊಂದು, ಎರಡು ವಾಲಿಕೊಂಡಿವೆ

ಪಾಸ್‌ಪೋರ್ಟೂ ಕೇಳದ ಅದೆಂಥಾ ಫಾರಿನ್ನು ಅಂತ
ಬಸರೀಕೊಪ್ಪಲಿನ ಡೇರಿ ಮುಂದೆ ಕ್ಯಾನು ಹಿಡಿದು ನಿಂತವರು ನಕ್ಕರು.
ವೋಟರ್ ಕಾರ್ಡು ತೋರಿಸಿದರೆ ಬಿಡುತ್ತಾರಂತೆ ನೇಪಾಳಕ್ಕೆ,
ಗಡಿಯಾರ ಹದಿನೈದೇ ನಿಮಿಷ ಮುಂದಂತೆ,
ಅಷ್ಟಕ್ಕೆ ಮಂಡ್ಯದಿಂದ ಮೂರು ರೈಲು, ಎರಡು ಬಸ್ಸು!
ನಮ್ಮತ್ತೆ ಮಾತ್ರ ಕೇಳಿದಳು: ಇಂಟರ್ನ್‌ಶಿಪ್ಪು ಅಂದರೆ
ಸಂಬಳ ಇರೋ ಓದಾ, ಸಂಬಳ ಇಲ್ಲದ ಕೆಲಸವಾ?
ಎರಡೂ ಅಲ್ಲ ಅಂದೆ.
ಎರಡೂ ಹೌದು ಬಿಡು ಅಂದು
ಡಬ್ಬಿಗೆ ಉಪ್ಸಾರಿನ ಖಾರ ತುಂಬಿ ಬಾಯಿ ಕಟ್ಟಿದಳು.

ಮಾನಸಗಂಗೋತ್ರಿಯಲ್ಲಿ ಎರಡು ವರ್ಷ ಕಾಡು ಅಳೆದವಳು ನಾನು.
ಹತ್ತು ಮೀಟರಿಗೆ ಹತ್ತು ಮೀಟರು ನೈಲಾನ್ ಹಗ್ಗದ ಚೌಕ,
ಎದೆಮಟ್ಟಕ್ಕೆ ಟೇಪು, ಲ್ಯಾಟಿನ್ನಿನಲ್ಲಿ ಹೆಸರು.
ಇದು ಯಾರ ಮರ ಅನ್ನುವುದಕ್ಕೆ
ಆ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಅಲ್ಲಿ, ತಗಡಿನ ಮಾಡಿನ ಕೆಳಗೆ,
ಹಣೆಗೆ ಪಟ್ಟಿ ಬಿಗಿದು ಬೆನ್ನ ಮೇಲೆ ಸೊಪ್ಪು ಹೊತ್ತು ಬಂದ ಹೆಂಗಸರು
ಬುಟ್ಟಿ ಇಳಿಸಿ ರಿಜಿಸ್ಟರು ಬಿಡಿಸಿದರು.
ತರಗು ಗುಡಿಸಲು ಕಾಡು ಯಾವ ವಾರ ತೆರೆಯಬೇಕು,
ಹಸಿಮರಕ್ಕೆ ಕತ್ತಿ ಹಾಕಿದ ಅಧ್ಯಕ್ಷೆಯ ಮೈದುನನಿಗೆ ದಂಡ ಎಷ್ಟು,
ಎರಡು ಗಂಟೆ ಜಗಳ.
ದಂಡ ಹೇಳಿದ್ದು ಅಧ್ಯಕ್ಷೆಯೇ.
ಮೂಲೆಯಲ್ಲಿ ಕೂತು ನಾನು ಬರೆದುಕೊಂಡೆ: ಸಹಭಾಗಿತ್ವ, ಉತ್ತಮ.
ಫೂಲ್‌ಮಾಯಾ ಅನ್ನುವವಳು ಥಟ್ಟನೆ ನನ್ನ ಕಡೆ ತಿರುಗಿ,
ತಂಗೀ, ನಿಮ್ಮೂರ ಕಾಡಲ್ಲಿ ಮರ ಎಷ್ಟು?

ನಮ್ಮೂರಲ್ಲಿ ಕಾಡಿಲ್ಲ, ಅಂದೆ. ಕಬ್ಬು, ನಾಲೆ, ಗದ್ದೆ.
ಊರಿಗೆಲ್ಲ ಸೇರಿದ್ದು ಒಂದು ಮರವೂ ಇಲ್ಲವಾ?
ಆಗ ಹಲ್ಲು ಜುಮ್ಮೆಂದಿತು.
ಗುಂಡುತೋಪು. ಶಾಲೆ ತಪ್ಪಿಸಿ ತಿಂದ ಹುಣಸೆ ಚಿಗುರು,
ಇಸ್ಪೀಟಿನವರ ಬೀಡಿ, ಯಾರದೋ ಕರುವಿನ ಗೂಟ.
ಲೆಕ್ಕ ಮಾತ್ರ ಗೊತ್ತಿರಲಿಲ್ಲ.

ಅಲ್ಲಿ ಏಳೂಕಾಲು, ಇಲ್ಲಿ ಏಳು.
ನೀರಗಂಟಿ ಚಿಕ್ಕಕಾಳಯ್ಯನಿಗೆ ಫೋನು ಹಾಕಿದೆ.
ತೂಬಿನ ಹತ್ತಿರವಿದ್ದವನು ಬ್ಯಾಟರಿ ಹಿಡಿದು ಹೊರಟ,
ಫೋನು ಜೇಬಿಗಿಟ್ಟ, ಕಟ್ ಮಾಡಲಿಲ್ಲ.
ನನಗೆ ಕೇಳಿದ್ದು ಅವನ ಚಪ್ಪಲಿ, ಒಂದು ನಾಯಿ,
ಆಮೇಲೆ ಬಹಳ ಹೊತ್ತು
ಒಂದೊಂದು ಬೊಡ್ಡೆಗೂ ಅಂಗೈ ತಟ್ಟುವ ಸದ್ದು.
"ಮೂವತ್ತೊಂದು ಕಣವ್ವ. ಎರಡು ವಾಲ್ಕೊಂಡವೆ.
ಅವ್ನೂ ಲೆಕ್ಕುಕ್ಕೆ ತಕ್ಕಳನಾ, ಬ್ಯಾಡ್ವಾ?"
ತಕ್ಕೊ ಅಂದೆ.
ಅವರ ರಿಜಿಸ್ಟರಿನಲ್ಲಿ, ಅವರ ಲಿಪಿಯಲ್ಲಿ ಬಿತ್ತು ನಮ್ಮೂರು:
ಮೂವತ್ತೊಂದು, ಎರಡು ವಾಲಿಕೊಂಡಿವೆ.
ಕೆಳಗೆ ಹತ್ತೊಂಬತ್ತು ಹೆಬ್ಬೆಟ್ಟು.

ಆರು ತಿಂಗಳಿಗೆ ಬಂದು ಎಣಿಸಿದರೆ ಮೂವತ್ತು.
ಹಿಪ್ಪೆಯಿದ್ದ ಕಡೆ ಪಂಚಾಯಿತಿಯ ಕಸದ ಶೆಡ್ಡು.
ವಾಲಿದವು ವಾಲಿಕೊಂಡೇ ಇವೆ, ಹೋದದ್ದು ನೆಟ್ಟಗಿದ್ದದ್ದು.
ಕಡಿಸಿದ್ದು ಮೆಂಬರು, ನನ್ನ ಸ್ವಂತ ಚಿಕ್ಕಪ್ಪ.
ಯಾರನ್ನು ಕೇಳಿ ಕಡಿಸಿದೆ ಅಂದೆ.
ಯಾರನ್ನು ಕೇಳಬೇಕಿತ್ತು ಹೇಳು, ಅಂದ,
ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯದೆ.

ಹಾಲು ಹಾಕಿದ ಮೇಲೆ ಡೇರಿ ಜಗಲಿಗೆ ಬನ್ನಿ ಅಂದಿದ್ದೆ.
ಬಂದದ್ದು ಅತ್ತೆ, ಇನ್ನು ಮೂವರು, ಚಿಕ್ಕಕಾಳಯ್ಯ.
ಮಂಡ್ಯದ ಪೇಟೆಬೀದಿಯಲ್ಲಿ ಕೊಂಡ ಹೊಸ ರಿಜಿಸ್ಟರು,
ಮೊದಲ ಹಾಳೆಯಲ್ಲಿ 'ಊರಿಗೆಲ್ಲ ಸೇರಿದ' ಅಂತ ಬರೆದು ತಲೆ ಎತ್ತಿದೆ.
ಅವನು ಜಗಲಿಯ ಕೆಳಗೆ, ಕಂಬಕ್ಕೂ ಒರಗದೆ ನಿಂತಿದ್ದ.
ಲೆಕ್ಕ ಗೊತ್ತಿರೋನು ನೀನೊಬ್ಬನೇ, ಹತ್ತಿ ಕೂತ್ಕೊ ಅಂದೆ.
"ಇರ್ಲಿ ಕಣವ್ವ, ಇಲ್ಲೇ ಗಾಳಿ ಚೆಂದಾಗದೆ."
ಅತ್ತೆ ಚಾಪೆಯ ಮೇಲೆ ಕೊಂಚ ಸರಿದಳು.
ಜಾಗ ಬಿಡಲಿಕ್ಕೋ, ದೂರವಾಗಲಿಕ್ಕೋ
ತಿಳಿಯಲಿಲ್ಲ. ಪೆನ್ನಿನ ಮುಚ್ಚಳ ಹಾಕದೆ
ಕಾಯುತ್ತಾ ಕೂತೆ.